ರೋಟಾ ಹನಿಯ ಅರ್ಧ ಫಲ

ಎಂಟು–ಹತ್ತು ತಿಂಗಳ ಕೂಸಿಗೆ ಭೇದಿ ಹತ್ತಿತೆಂದರೆ ಎಕ್ಕಂಬಿ ಸುತ್ತಲಿನ ಮನೆಗಳಲ್ಲಿ ಮೊದಲು ಬರುವ ಮಾತು, ‘ಹಲ್ಲು ಬರೋ ಹೊತ್ತು, ಹಾಂಗೇ ಆಗ್ತದೆ ಬಿಡು’ ಎಂಬುದು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಹೋದರೂ ಇದೇ ಮಾತು. ಕಲಿತವರು ಇದಕ್ಕೆ ನಗುತ್ತಾರೆ. ನಗುವ ಮುಂಚೆ ವಯಸ್ಸಿನ ಲೆಕ್ಕವನ್ನೊಮ್ಮೆ ನೋಡಬೇಕು. ಮಗುವಿಗೆ ಹಲ್ಲು ಮೂಡುವುದು ಆರು ತಿಂಗಳಿಂದ ಎರಡು ವರ್ಷದ ನಡುವೆ. ಮಕ್ಕಳನ್ನು ಆಸ್ಪತ್ರೆಯ ಹಾಸಿಗೆಗೆ ಹತ್ತಿಸುವಂಥ ಜೋರು ವಾಂತಿ-ಭೇದಿ ತರುವ ರೋಟಾ ವೈರಸ್ ಹೆಚ್ಚು ಕಾಡುವುದೂ ಅದೇ ವಯಸ್ಸಿನಲ್ಲಿ. ತಾಯಿಯಿಂದ ಬಂದ ರಕ್ಷಣೆ ಕರಗಿರುತ್ತದೆ, ಅಂಬೆಗಾಲಿಡುವ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಿರುತ್ತದೆ. ಅಜ್ಜಿಯಂದಿರು ಗುರುತಿಸಿದ ಕಾಲ ಸರಿಯಾಗಿಯೇ ಇದೆ, ಕಾರಣ ಮಾತ್ರ ಹಲ್ಲಲ್ಲ.

ಇನ್ನೊಂದು ನಂಬಿಕೆ, ಭೇದಿ ಎಂದರೆ ಮಳೆಗಾಲದ ರೋಗ ಎಂಬುದು. ಹೊಳೆಯ ಕೆಂಪು ನೀರು, ನೊಣ, ಕೆಸರು ಎಲ್ಲ ಅದಕ್ಕೆ ಸಾಕ್ಷಿ ಹೇಳುತ್ತವೆ. ಕಾಲರಾ, ಆಮಶಂಕೆಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಭಾರತದಲ್ಲಿ ರೋಟಾ ಹೆಚ್ಚಾಗಿ ತಲೆ ಎತ್ತುವುದು ಡಿಸೆಂಬರಿನಿಂದ ಫೆಬ್ರುವರಿವರೆಗಿನ ಒಣ ಚಳಿಯಲ್ಲಿ, ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲು ಮುಗಿಯದೆ ಮನೆಮಂದಿಗೆಲ್ಲ ಕೈತುಂಬ ಕೆಲಸವಿರುವಾಗ. ನೀರು ಕಾಯಿಸಿ ಕುಡಿಯುವ, ಅಂಗಳ ಗುಡಿಸಿ ಸಾರಿಸುವ ಮನೆಗೂ ಅದು ಬರುತ್ತದೆ. ಕಾಯಿಲೆಬಿದ್ದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ವೈರಸ್ ಕಣಗಳಿರುತ್ತವೆ. ಇನ್ನೊಂದು ಮಗುವಿಗೆ ಅಂಟಲು ನೂರು ಕಣವೂ ಬೇಕಿಲ್ಲ. ಹೀಗಾಗಿಯೇ ಲಸಿಕೆಯಿಲ್ಲದ ಕಾಲದಲ್ಲಿ ಲಂಡನ್ನಿನ ಮಗುವಿಗೂ ಮಳಲಗಾಂವಿನ ಮಗುವಿಗೂ ಐದು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ರೋಟಾ ತಗುಲಿಯೇ ಇರುತ್ತಿತ್ತು. ಲಂಡನ್ನಿನ ಮಗು ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬರುತ್ತಿತ್ತು. ಸತ್ತ ಮಕ್ಕಳ ಲೆಕ್ಕ ಹೆಚ್ಚಾಗಿ ನಮ್ಮಂಥ ಕಡೆಯದು. ಲಸಿಕೆ ಬರುವ ಮೊದಲು ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ಇದರಿಂದ ಸಾಯುತ್ತಿದ್ದರು, 8.7 ಲಕ್ಷ ಮಕ್ಕಳು ಆಸ್ಪತ್ರೆ ಸೇರುತ್ತಿದ್ದರು ಎಂದು 2014ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಇಷ್ಟು ದೊಡ್ಡ ರೋಗದ ಕಾರಣವೇ 1973ರವರೆಗೆ ಗೊತ್ತಿರಲಿಲ್ಲ. ಭೇದಿಯಾದ ಮಕ್ಕಳ ಮಲದಲ್ಲಿ ಬ್ಯಾಕ್ಟೀರಿಯಾ ಹುಡುಕುತ್ತಿದ್ದರು. ಅರ್ಧಕ್ಕರ್ಧ ಪ್ರಕರಣಗಳಲ್ಲಿ ಏನೂ ಸಿಗದೆ ‘ಕಾರಣ ತಿಳಿಯದ ಭೇದಿ’ ಎಂದು ಬರೆದು ಕಡತ ಮುಚ್ಚುತ್ತಿದ್ದರು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯ ರೂತ್ ಬಿಷಪ್ ಮಾಡಿದ ಕೆಲಸ ಸರಳವಾಗಿತ್ತು. ಮಲ ಬಿಟ್ಟು ಕರುಳನ್ನೇ ನೋಡೋಣ ಎಂದರು. ತೀವ್ರ ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಸಣ್ಣ ಕರುಳಿನ ಮೊದಲ ಭಾಗದಿಂದ ಚೂರು ಅಂಗಾಂಶ ತೆಗೆದು, ಅದನ್ನು ಅತಿ ತೆಳುವಾಗಿ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಕರುಳಿನ ಒಳಪದರದ ಜೀವಕೋಶಗಳ ತುಂಬ ದುಂಡನೆಯ ವೈರಸ್ ಕಣಗಳು ಕಂಡವು. ಜೆಫ್ರಿ ಡೇವಿಡ್‌ಸನ್, ಇಯಾನ್ ಹೋಮ್ಸ್, ಬ್ರಯಾನ್ ರಕ್ ಅವರೊಡನೆ ಬಿಷಪ್ ಬರೆದ ವರದಿ ಆ ವರ್ಷದ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಗಾಲಿಯ ಆಕಾರ ನೋಡಿ ರೋಟಾ ಎಂಬ ಹೆಸರು ಸೂಚಿಸಿದವರು ಬರ್ಮಿಂಗ್‌ಹ್ಯಾಮಿನ ಥಾಮಸ್ ಫ್ಲೂವೆಟ್, ಮರುವರ್ಷ.

ಕರುಳಿನ ಒಳಮೈ ತುಂಬ ದಟ್ಟವಾಗಿ ಎದ್ದುನಿಂತಿರುವ ಸೂಕ್ಷ್ಮ ಮಡಿಕೆಗಳ ತುದಿಗಳೇ ಉಂಡದ್ದನ್ನು ಹೀರಿಕೊಳ್ಳುವ ಜಾಗ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಇರುವುದೂ ಅಲ್ಲೇ. ರೋಟಾ ಮುಕ್ಕುವುದು ಆ ತುದಿಗಳನ್ನು. ಹೀರುವ ಮೈ ಹೋಗಿ ನೀರು ಹಾಗೇ ಹೊರಬೀಳುತ್ತದೆ. ವೈರಸ್ ಸ್ರವಿಸುವ ಒಂದು ಪ್ರೋಟೀನು ನೀರನ್ನು ಇನ್ನಷ್ಟು ಹೊರದೂಡುತ್ತದೆ. ಆರೇಳು ಕಿಲೋ ತೂಕದ ಮಗು ದಿನಕ್ಕೆ ಹತ್ತು ಹದಿನೈದು ಸಲ ಹೋದರೆ ಅದರ ಮೈಯಲ್ಲಿ ಉಳಿಯುವುದೇನು? ನೆತ್ತಿ ಕುಳಿಬೀಳುತ್ತದೆ, ಕಣ್ಣು ಗುಳಿಗಿಳಿಯುತ್ತದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ, ಅತ್ತರೂ ಕಣ್ಣೀರು ಬರುವುದಿಲ್ಲ. ಮಗು ಸಾಯುವುದು ವೈರಸ್ಸಿನಿಂದಲ್ಲ, ನೀರು-ಉಪ್ಪು ಕಳಕೊಂಡು.

ಬಿಷಪ್ ಅವರ ಎರಡನೆಯ ಕೆಲಸ ಅಷ್ಟು ಪ್ರಸಿದ್ಧವಾಗಲಿಲ್ಲ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಹೆರಿಗೆ ವಾರ್ಡುಗಳಲ್ಲಿ ಹುಟ್ಟಿ ಎರಡು ಮೂರು ದಿನವಾದ ಕೂಸುಗಳಿಗೂ ರೋಟಾ ತಗುಲುತ್ತಿತ್ತು, ಆದರೆ ಅವಕ್ಕೆ ಏನೂ ಆಗುತ್ತಿರಲಿಲ್ಲ. ಅಂಥ ಮಕ್ಕಳನ್ನು ಅವರು ಮೂರು ವರ್ಷ ಗಮನಿಸಿದರು. ಮುಂದೆ ಅವಕ್ಕೂ ಉಳಿದ ಮಕ್ಕಳಷ್ಟೇ ಸಲ ಸೋಂಕು ತಗುಲಿತು, ಆದರೆ ಜೋರು ಭೇದಿ ಆಗಲಿಲ್ಲ. 1983ರಲ್ಲಿ ಇದು ಪ್ರಕಟವಾದಾಗ ಲಸಿಕೆಯ ದಾರಿ ಅಲ್ಲೇ ತೆರೆದಿತ್ತು. ನವಜಾತ ಶಿಶುವಿಗೆ ತೊಂದರೆ ಕೊಡದ ವೈರಸ್ ಹುಡುಕಿದರೆ ಪ್ರಕೃತಿಯೇ ಪಳಗಿಸಿಟ್ಟ ಲಸಿಕೆ ಸಿಕ್ಕಂತೆ.

ಕರ್ನಾಟಕ ಈ ಕಥೆಗೆ ಬರುವುದು ಇಲ್ಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ದುರ್ಗಾ ರಾವ್ ವೈದ್ಯರಲ್ಲ, ಸೂಕ್ಷ್ಮಜೀವಿ ವಿಜ್ಞಾನಿ. ಎಂಬತ್ತರ ದಶಕದ ಕೊನೆಯಲ್ಲಿ ಅವರೂ ಅವರ ವಿದ್ಯಾರ್ಥಿಗಳೂ, ಮಕ್ಕಳ ವೈದ್ಯ ಪಿ.ಪಿ. ಮಯ್ಯ ಮೊದಲಾದವರ ಜೊತೆಗೂಡಿ ನಗರದ ಆಸ್ಪತ್ರೆಗಳಿಂದ ಮಕ್ಕಳ ಮಲದ ಮಾದರಿ ಕಲೆಹಾಕತೊಡಗಿದರು. ಭೇದಿಯಾದವರದ್ದು ಮಾತ್ರವಲ್ಲ, ನೆಮ್ಮದಿಯಾಗಿ ಮಲಗಿದ್ದ ಹಸುಗೂಸುಗಳದ್ದೂ. ಈ ಬಗೆಯ ಕೆಲಸದಲ್ಲಿ ಮೋಹಕವಾದದ್ದು ಏನೂ ಇಲ್ಲ. ಪುಟ್ಟ ಸೀಸೆಗಳಲ್ಲಿ ಹಸಿರು-ಹಳದಿ ಮಲ, ಮೇಲೆ ಚೀಟಿ, ಶೀತಕದಲ್ಲಿ ಸಾಲುಸಾಲು. ಅದರಿಂದ ವೈರಸ್ಸಿನ ಆರ್‌ಎನ್‌ಎ ಬೇರ್ಪಡಿಸಿ ತೆಳು ಜೆಲ್ಲಿನ ಮೇಲಿನ ಅಂಚಿಗೆ ಹಾಕಿ ವಿದ್ಯುತ್ ಹರಿಸುತ್ತಾರೆ. ರೋಟಾ ವೈರಸ್ಸಿನ ಆನುವಂಶಿಕ ಸರಕು ಒಂದೇ ದಾರವಲ್ಲ, ಹನ್ನೊಂದು ತುಂಡು. ಸಣ್ಣ ತುಂಡು ಬೇಗ ಕೆಳಗೋಡುತ್ತದೆ, ದೊಡ್ಡದು ಮೇಲೇ ತಡವರಿಸುತ್ತದೆ. ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿದಾಗ ಹನ್ನೊಂದು ಕಂದು ಗೆರೆಗಳು ಮೂಡುತ್ತವೆ. ಕಡೆಯ ಗೆರೆ ತಳದವರೆಗೆ ಇಳಿದಿದ್ದರೆ ಅದು ‘ಉದ್ದ’ ಮಾದರಿ, ಮೇಲೇ ನಿಂತಿದ್ದರೆ ‘ಗಿಡ್ಡ’. ಮನುಷ್ಯರ ರೋಟಾದಲ್ಲಿ ಒಂದನೆಯ ಉಪಗುಂಪಿನವು ಸಾಮಾನ್ಯವಾಗಿ ಗಿಡ್ಡ ಮಾದರಿ ತೋರಿಸಬೇಕು. ಬೆಂಗಳೂರಿನ ಹಸುಗೂಸುಗಳ ವೈರಸ್ ಒಂದನೆಯ ಉಪಗುಂಪಿನದ್ದು, ಆದರೆ ಮಾದರಿ ಉದ್ದ. ಈ ಜೋಡಿ ಪ್ರಾಣಿಗಳ ರೋಟಾದಲ್ಲಿ ಕಾಣುವಂಥದು. 1992ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮರುವರ್ಷ ಐ321 ಎಂಬ ಪ್ರತಿನಿಧಿ ತಳಿಯ ಹೊರಮೈ ಪ್ರೋಟೀನುಗಳ ವಿವರ ಬಂದಾಗ ಅನುಮಾನ ನಿಜವಾಯಿತು. ಅವೆರಡೂ ದನಗಳ ರೋಟಾ ವೈರಸ್ಸಿನವು! ಮುಂದೆ ಹನ್ನೊಂದೂ ತುಂಡುಗಳನ್ನು ಓದಿದಾಗ ಒಂಬತ್ತು ದನದ ಮೂಲದವು, ಎರಡು ಮಾತ್ರ ಮನುಷ್ಯರ ಮೂಲದವು ಎಂದು ಗೊತ್ತಾಯಿತು.

ಎರಡು ವೈರಸ್ ಒಂದೇ ಜೀವಕೋಶಕ್ಕೆ ನುಗ್ಗಿದಾಗ ತುಂಡುಗಳು ಅದಲು ಬದಲಾಗಿ ಮೂರನೆಯದು ಹುಟ್ಟುತ್ತದೆ. ಬೆಂಗಳೂರಿನಲ್ಲಿ ಇದು ಯಾವ ಹಟ್ಟಿಯಲ್ಲಿ, ಯಾವ ಮಗುವಿನಲ್ಲಿ ನಡೆಯಿತೋ ಯಾರೂ ಕಂಡವರಿಲ್ಲ. ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇರುವ, ಬೆಟ್ಟದಿಂದ ಸೊಪ್ಪು ತಂದು ದನದ ಕಾಲಡಿ ಹಾಸಿ ಆ ಗೊಬ್ಬರವನ್ನು ಬರಿಗೈಯಲ್ಲಿ ತೋಟಕ್ಕೆ ಹಾಕುವ ನಮ್ಮ ಸೀಮೆಯವರಿಗೆ ದನದ ವೈರಸ್ ಕೂಸಿಗೆ ಬಂತೆಂಬುದು ದೊಡ್ಡ ಬೆರಗೇನೂ ಅಲ್ಲ. ಬೆರಗೆಂದರೆ ಅದು ಕೂಸನ್ನು ಕಾಡದೇ ಹೋದದ್ದು. ಇನ್ನೂ ಒಂದಿದೆ. 1988ರಿಂದ 1999ರವರೆಗೆ ಬೆಂಗಳೂರಿನ ಆಸ್ಪತ್ರೆಗಳನ್ನು ಗಮನಿಸಿದ ದುರ್ಗಾ ರಾವ್ ತಂಡ, ರೋಟಾ ಭೇದಿಯಿಂದ ದಾಖಲಾಗುವ ಮಕ್ಕಳ ಸಂಖ್ಯೆ ಇಳಿದದ್ದನ್ನು ಕಂಡಿತು. ಹುಟ್ಟಿದ ಕೂಡಲೇ ಐ321 ತಗುಲುತ್ತಿದ್ದದ್ದೇ ಇದಕ್ಕೆ ಕಾರಣವಿರಬಹುದೇ ಎಂದು 2004ರ ಪ್ರಬಂಧದಲ್ಲಿ ಕೇಳಿತು. ‘ಇರಬಹುದು’ ಎಂಬುದನ್ನು ಅವರು ಶೀರ್ಷಿಕೆಯಲ್ಲೇ ಇಟ್ಟಿದ್ದರು. ಇಂಥ ಎಚ್ಚರ ನನಗೆ ಹಿಡಿಸುತ್ತದೆ. ಒಂದು ನಗರ ತನ್ನಷ್ಟಕ್ಕೆ ತಾನೇ ಲಸಿಕೆ ಹಾಕಿಸಿಕೊಂಡಿತೆಂದು ಸಾರುವ ಆಸೆ ಯಾರಿಗೆ ತಾನೇ ಬರುವುದಿಲ್ಲ.

ಎಂಬತ್ತರ ದಶಕದಲ್ಲೇ ದೆಹಲಿಯ ಏಮ್ಸ್‌ನಲ್ಲಿ ಮಹಾರಾಜ್ ಕಿಶನ್ ಭಾನ್ ತಂಡ ಹಸುಗೂಸುಗಳಿಂದಲೇ ಇನ್ನೊಂದು ತಳಿ ಹಿಡಿದಿತ್ತು. ಹೆಸರು 116ಇ. ಅದು ಮುಖ್ಯವಾಗಿ ಮನುಷ್ಯರ ವೈರಸ್, ಒಂದೇ ಒಂದು ತುಂಡು ದನದ್ದು. ಆ ತುಂಡು ಬೆಂಗಳೂರಿನ ತಳಿಯದ್ದೇ ಬಗೆ, ಪಿ11. ಭಾರತ–ಅಮೆರಿಕ ಲಸಿಕಾ ಕಾರ್ಯಕ್ರಮದಡಿ ಎರಡೂ ತಳಿಗಳನ್ನು ಲಸಿಕೆಯ ಉಮೇದುವಾರರಾಗಿ ಬೆಳೆಸಲಾಯಿತು. ಹೈದರಾಬಾದಿನ ಭಾರತ್ ಬಯೋಟೆಕ್ ಉತ್ಪಾದನೆಗೆ ಇಳಿಯಿತು. ದೆಹಲಿಯಲ್ಲಿ ಎಂಟು ವಾರದ ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಯೋಗದಲ್ಲಿ ಎರಡೂ ಸುರಕ್ಷಿತ ಎಂದು ಗೊತ್ತಾಯಿತು. ಆದರೆ 116ಇ ಪಡೆದ ಮಕ್ಕಳಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯ ಏರಿತು, ಐ321 ಪಡೆದವರಲ್ಲಿ ಅರ್ಧದಷ್ಟೂ ಏರಲಿಲ್ಲ. ಬೆಂಗಳೂರಿನ ತಳಿ ಅಲ್ಲಿಗೆ ನಿಂತಿತು.

ಮುಂದಿನದು ಎಲ್ಲರೂ ಬಲ್ಲ ಕಥೆ. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಮಕ್ಕಳ ಮೇಲೆ 116ಇ ಲಸಿಕೆಯ ಪರೀಕ್ಷೆ. 2013ರ ಮೇ ತಿಂಗಳಲ್ಲಿ ಫಲಿತಾಂಶದ ಘೋಷಣೆ. ಡೋಸಿಗೆ ಒಂದು ಡಾಲರ್ ದರದ ಮಾತು. ರೋಟಾವ್ಯಾಕ್ ಹೆಸರಿನಲ್ಲಿ 2016ರಲ್ಲಿ ಒಡಿಶಾ, ಆಂಧ್ರ, ಹರಿಯಾಣ, ಹಿಮಾಚಲಗಳ ಸರ್ಕಾರಿ ಲಸಿಕಾ ಪಟ್ಟಿಗೆ ಪ್ರವೇಶ. ನಂತರ ಪುಣೆಯ ಸೀರಮ್ ಸಂಸ್ಥೆಯ ರೋಟಾಸಿಲ್ ಕೂಡ ಬಂತು. 2019ರಲ್ಲಿ ಕರ್ನಾಟಕವೂ ಸೇರಿ ದೇಶಕ್ಕೆಲ್ಲ ವಿಸ್ತರಣೆ. ಈಗ ಗುರುವಾರದ ಲಸಿಕೆ ದಿನ ತಾಯಿ ಕಾರ್ಡು ಹಿಡಿದು ಬಂದ ಯಾವ ಮಗುವಿಗಾದರೂ ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ ರೋಟಾ ಸಿಗುತ್ತದೆ.

ಬೆಂಗಳೂರಿನ ತಳಿಯ ಸೋಲನ್ನು ಈ ಗೆಲುವಿನ ಕಥೆಯಲ್ಲಿ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅಲ್ಲೇ ನಿಂತು ಕೇಳಬೇಕಾದ ಪ್ರಶ್ನೆಯಿತ್ತು. ಹುಟ್ಟಿದ ವಾರದಲ್ಲಿ ಸಲೀಸಾಗಿ ಕರುಳು ಹೊಕ್ಕು ಬೆಳೆಯುತ್ತಿದ್ದ ವೈರಸ್, ಎಂಟು ವಾರದ ಮಗುವಿನಲ್ಲಿ ಯಾಕೆ ಸೊರಗಿತು?

ಉತ್ತರದ ತುಣುಕುಗಳು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಗಗನ್‌ದೀಪ್ ಕಾಂಗ್ ಮತ್ತು ಅವರ ಶಿಷ್ಯರ ಕೈಗೆ ಸಿಕ್ಕವು. ಮೊದಲು ಸಿಕ್ಕದ್ದು ಆಘಾತವೇ. ಬೆಂಗಳೂರಿನಲ್ಲಿ ಸೌಮ್ಯವಾಗಿದ್ದ ಅದೇ ಬಗೆಯ ವೈರಸ್, ಎರಡು ಹೊರಮೈ ಪ್ರೋಟೀನುಗಳ ಬಗೆಯಿಂದ ಹೆಸರಿಸಿದರೆ ಜಿ10ಪಿ11, ಬೆಂಗಳೂರಿಂದ ನಾಲ್ಕೈದು ತಾಸಿನ ದಾರಿಯ ವೆಲ್ಲೂರಿನಲ್ಲಿ ಹಸುಗೂಸುಗಳಿಗೆ ಹೊಟ್ಟೆಯ ಕಾಯಿಲೆ ತರುತ್ತಿತ್ತು. ಅಷ್ಟೇ ಅಲ್ಲ, ಹುಟ್ಟಿದ ಹೊತ್ತಿಗೆ ಅದು ತಗುಲಿದ ಮಕ್ಕಳಿಗೆ ಮುಂದೆ ರೋಟಾದಿಂದ ವಿಶೇಷ ರಕ್ಷಣೆಯೂ ಸಿಗಲಿಲ್ಲವೆಂದು 2007ರಲ್ಲಿ ವರದಿಯಾಯಿತು. ಮೆಲ್ಬರ್ನ್ ಒಂದು ಹೇಳಿತು, ಬೆಂಗಳೂರು ಹೌದೌದು ಎಂದಿತು, ವೆಲ್ಲೂರು ತಲೆ ಆಡಿಸಿ ಇಲ್ಲ ಎಂದಿತು.

ಇನ್ನೂ ದೊಡ್ಡ ಸುದ್ದಿ 2011ರಲ್ಲಿ ಬಂತು. ಮೆಕ್ಸಿಕೊ ನಗರದ ಮಕ್ಕಳ ಮೇಲೆ 1996ರಲ್ಲಿ ನಡೆದಿದ್ದ ಪ್ರಸಿದ್ಧ ಅಧ್ಯಯನದ ಪ್ರಕಾರ ಎರಡು ಸಲ ರೋಟಾ ತಗುಲಿದ ಮಗುವಿಗೆ ಜೋರು ಭೇದಿಯಿಂದ ಸಂಪೂರ್ಣ ರಕ್ಷಣೆ. ಲಸಿಕೆಗಳ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಂತಿತ್ತು. ವೆಲ್ಲೂರಿನ ಬಡ ಕೇರಿಗಳಲ್ಲಿ ಹುಟ್ಟಿನಿಂದ ಮೂರು ವರ್ಷ ಬೆನ್ನುಹತ್ತಿದ 373 ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಆರು ತಿಂಗಳೊಳಗೇ ಸೋಂಕು ತಗುಲಿತ್ತು. ಮೂರು ಸಲ ತಗುಲಿದ ಮೇಲೂ ರಕ್ಷಣೆ ಶೇ. 79 ಮಾತ್ರ. ಸ್ವತಃ ರೋಗವೇ ಮೂರು ಸಲ ಬಂದು ಕಲಿಸಲಾರದ್ದನ್ನು ಹನಿ ಲಸಿಕೆ ಮೂರು ಸಲ ಹಾಕಿ ಕಲಿಸೀತು ಎಂದು ನಿರೀಕ್ಷಿಸುವುದು ಹೇಗೆ?

ಫಿನ್‌ಲೆಂಡಿನಂಥ ದೇಶದಲ್ಲಿ ಶೇ. 90 ದಾಟುವ ರೋಟಾ ಲಸಿಕೆಯ ಫಲ, ದಕ್ಷಿಣ ಆಫ್ರಿಕಾದಲ್ಲಿ 77ಕ್ಕೆ, ಮಲಾವಿಯಲ್ಲಿ 49ಕ್ಕೆ ಇಳಿದದ್ದು 2010ರಲ್ಲೇ ಗೊತ್ತಾಗಿತ್ತು. ಕಂಪನಿ ಒಂದೇ, ಸೀಸೆ ಒಂದೇ. ನಮ್ಮ ರೋಟಾವ್ಯಾಕ್ ತೀವ್ರ ಭೇದಿಯನ್ನು ತಡೆದದ್ದೂ ಶೇ. 55ರ ಆಸುಪಾಸಿನಲ್ಲಿ. ‘ದೇಶೀ ಲಸಿಕೆ, ಅದಕ್ಕೇ ಅರ್ಧ’ ಎನ್ನುವವರಿದ್ದಾರೆ. ತಪ್ಪು. ಬಡ ದೇಶಗಳಲ್ಲಿ ಪರದೇಶದ ದುಬಾರಿ ಲಸಿಕೆಗಳ ಫಲವೂ ಇದಕ್ಕಿಂತ ಹೇಳಿಕೊಳ್ಳುವಷ್ಟು ಮೇಲಿಲ್ಲ. ಕೊರತೆ ಹನಿಯಲ್ಲಲ್ಲ, ಹನಿ ಬೀಳುವ ಕರುಳಿನಲ್ಲಿದೆ. ಈ ಇಡೀ ಸಂಶೋಧನೆಯಿಂದ ಹೊರಬರುವ ಮುಖ್ಯ ಮಾತು ಇದೇ ಎಂದು ನನಗನ್ನಿಸುತ್ತದೆ. ಐವತ್ತು ವರ್ಷ ನಾವು ವೈರಸ್ಸಿನ ಕುಲಗೋತ್ರ ವಿಚಾರಿಸಿದೆವು. ಅದು ಇಳಿದುಕೊಳ್ಳುವ ಮನೆಯ ಸ್ಥಿತಿಗತಿ ಕೇಳತೊಡಗಿದ್ದು ತೀರ ತಡವಾಗಿ.

ಆ ಮನೆಯಲ್ಲಿ ಏನಿದೆ? ಪಿ11 ಬಗೆಯ ವೈರಸ್ ಕರುಳಿನ ಕೋಶಕ್ಕೆ ಅಂಟುವುದು ಅಲ್ಲಿನ ಒಂದು ಬಗೆಯ ಸಕ್ಕರೆಯ ಸರಪಳಿಗೆ. ರಕ್ತದ ಗುಂಪನ್ನು ನಿರ್ಧರಿಸುವ ಸರಪಳಿಗಳ ಇನ್ನೂ ಪೂರ್ತಿಯಾಗದ, ಹುರಿಗೊಳ್ಳದ ರೂಪ ಅದು. ನವಜಾತ ಶಿಶುವಿನ ಕರುಳಿನಲ್ಲಿ ಧಾರಾಳವಾಗಿರುತ್ತದೆ, ಮಗು ಬೆಳೆದಂತೆ ಅದರ ಮೇಲೆ ಬೇರೆ ಸಕ್ಕರೆಗಳು ಕೂತು ಮರೆಯಾಗುತ್ತದೆ. ಬೆಂಗಳೂರಿನ ತಳಿ ಎಂಟು ವಾರಕ್ಕೆ ಸೊರಗಿದ್ದರ ಒಂದು ಎಳೆ ಇಲ್ಲಿರಬಹುದು. ತಾಯಿಯ ಹಾಲಿನಲ್ಲೂ ಇಂಥವೇ ಸಕ್ಕರೆಗಳಿವೆ. ಅವು ವೈರಸ್ಸನ್ನು ತಡೆಯುತ್ತವೆ ಎಂದೇ ಎಲ್ಲರ ಎಣಿಕೆಯಾಗಿತ್ತು. ವೆಲ್ಲೂರಿನ ಜಿ10ಪಿ11 ತಳಿಯ ವಿಷಯದಲ್ಲಿ ಕೆಲವು ಸಕ್ಕರೆಗಳು ಸೋಂಕನ್ನು ಹೆಚ್ಚಿಸಿದ್ದನ್ನು ವೆಲ್ಲೂರಿನಲ್ಲೇ ಕಲಿತ ಶಶಿರೇಖಾ ರಮಣಿ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. ಇದನ್ನು ಓದಿ ಯಾರೂ ಎದೆಹಾಲು ನಿಲ್ಲಿಸುವ ಯೋಚನೆ ಮಾಡಬಾರದು. ಎದೆಹಾಲು ಭೇದಿಯಿಂದ ಕಾಯುವ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು. ಹನಿ ಹಾಕುವ ಮುಂಚೆ ಮತ್ತು ನಂತರ ಅರ್ಧ ತಾಸು ಹಾಲು ಕೊಡದೆ ನೋಡಿದ ದೆಹಲಿಯ ಪ್ರಯೋಗದಲ್ಲೂ ಲಸಿಕೆಯ ಫಲ ಕಿಂಚಿತ್ತೂ ಏರಲಿಲ್ಲ.

ಹನಿಯ ಫಲ ಕುಗ್ಗಿಸುವ ಬೇರೆ ಕಾರಣಗಳೂ ಇವೆ. ಗರ್ಭದಲ್ಲೇ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನು ಬೇರೂರಲು ಬಿಡುವುದಿಲ್ಲ. ಜೊತೆಗೇ ಹಾಕುವ ಪೋಲಿಯೊ ಹನಿ ಅದೇ ಕರುಳಿನಲ್ಲಿ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಇವೆರಡಕ್ಕೂ ತಕ್ಕಮಟ್ಟಿನ ಪುರಾವೆಯಿದೆ. ಎಲ್ಲಕ್ಕಿಂತ ಹೆಚ್ಚು ಚರ್ಚೆಯಲ್ಲಿರುವುದು ಹೊರಗೆ ಕಾಣದ ಒಂದು ಸ್ಥಿತಿ. ಹುಟ್ಟಿದಂದಿನಿಂದ ಕೊಳಕು ನೀರು, ಮಣ್ಣು, ಕೋಳಿ-ದನಗಳ ಹೇಲು ದಿನವೂ ಚೂರುಚೂರು ಹೊಟ್ಟೆಗೆ ಹೋಗುವ ಮಕ್ಕಳಲ್ಲಿ ಭೇದಿಯೇ ಇಲ್ಲದಿದ್ದರೂ ಕರುಳಿನ ಮಡಿಕೆಗಳು ಮೊಂಡಾಗಿ ಒಳಗೊಳಗೇ ಉರಿಯೂತ ಇರುತ್ತದೆ. ಹೀಗೆ ಸವೆದ ಕರುಳು ತುಂಬಿದ ಬಸ್ಸಿನ ಕಂಡಕ್ಟರನಂತೆ, ಹೊಸದಾಗಿ ಹತ್ತಿದವನ ಮುಖ ನೋಡುವುದಿಲ್ಲ. ಲಸಿಕೆಯ ವೈರಸ್ ಬಂದದ್ದೂ ಹೋದದ್ದೂ ಅದಕ್ಕೆ ಲೆಕ್ಕಕ್ಕಿಲ್ಲ. ವೆಲ್ಲೂರಿನಲ್ಲಿ ಸೆಲ್ವಿನ್ ಬೇಕರ್, ವಿ.ಐ. ಮಥನ್ ಮೊದಲಾದವರು ದಕ್ಷಿಣ ಭಾರತದ ಹಳ್ಳಿಗರ ಕರುಳಿನಲ್ಲಿ ಈ ಸವಕಳಿಯನ್ನು ಅರ್ಧ ಶತಮಾನದ ಹಿಂದೆಯೇ ಬರೆದಿಟ್ಟಿದ್ದರು. ಆಗ ಅದನ್ನು ಬಿಸಿಲು ದೇಶದವರ ಕರುಳಿರುವುದೇ ಹೀಗೆ ಎಂಬಂತೆ ಓದಿದವರೇ ಹೆಚ್ಚು.

ಹಾಗಾದರೆ ಶೌಚಾಲಯ ಕಟ್ಟಿಸಿ, ಕೈತೊಳೆಸಿ, ನೀರಿಗೆ ಕ್ಲೋರಿನ್ ಹಾಕಿದರೆ ಕರುಳು ಸುಧಾರಿಸೀತೆ? ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಮನೆಗಳಲ್ಲಿ ಇದನ್ನೇ ಮಾಡಿ ನೋಡಿದರು. 2018–19ರಲ್ಲಿ ಬಂದ ಫಲಿತಾಂಶ ನಿರಾಸೆ ತಂದಿತು. ಮಕ್ಕಳ ಬೆಳವಣಿಗೆ ಸುಧಾರಿಸಲಿಲ್ಲ. ಭೇದಿ ಬಾಂಗ್ಲಾದಲ್ಲಿ ಇಳಿಯಿತು, ಉಳಿದೆರಡು ಕಡೆ ಇಳಿಯಲಿಲ್ಲ. ಜಿಂಬಾಬ್ವೆಯಲ್ಲಿ ರೋಟಾ ಲಸಿಕೆಗೆ ಬಂದ ಪ್ರತಿಕ್ರಿಯೆ ತುಸು ಮೇಲೇರಿದ್ದಷ್ಟೇ ಸಮಾಧಾನ. ಗುಂಡಿ ಶೌಚಾಲಯ, ಸಾಬೂನಿನ ಮಟ್ಟದ ಶುಚಿತ್ವ ಸಾಲದು, ಮನೆಯೊಳಗೆ ನಲ್ಲಿ ನೀರು, ಪಶುಗಳಿಂದ ದೂರವಿರುವ ನೆಲ, ಇಂಥ ದೊಡ್ಡ ಬದಲಾವಣೆಯೇ ಬೇಕೇನೋ ಎಂಬುದು ಆ ಸಂಶೋಧಕರ ಅನಿಸಿಕೆ. ಗೋಡೆಯಾಚೆಗೇ ಕೊಟ್ಟಿಗೆ ಇರುವ ಎಕ್ಕಂಬಿಯ ಮನೆಯಲ್ಲಿ ಕೂತು ಓದಿದರೆ ಇದು ಸಣ್ಣ ಮಾತಲ್ಲ. ದನ ಬಿಟ್ಟು ಬದುಕು ನಡೆಯುವುದಿಲ್ಲ, ಕೂಸನ್ನು ತೊಟ್ಟಿಲಲ್ಲೇ ಇಟ್ಟು ಬೆಳೆಸಲೂ ಆಗದು.

‘ಸಿಸ್ಟರೇ, ಮೂರು ಸಲ ಹನಿ ಹಾಕ್ಸಿದ್ವಲ್ಲ, ಆದ್ರೂ ಭೇದಿ ಆತಲ್ಲ?’ ಲಸಿಕೆ ದಿನ ಇದು ಕೇಳಿಬಂದೇ ಬರುವ ಪ್ರಶ್ನೆ. ‘ಅದು ರೋಟಾಕ್ಕೆ ಮಾತ್ರ ಅಮ್ಮ. ಬೇರೆ ಭೇದಿ ಆಗ್ತದೆ, ರೋಟಾ ಬಂದ್ರೂ ಜೋರು ಇರೂದಿಲ್ಲ’ ಎಂಬುದು ಉತ್ತರ. ಚೊಕ್ಕ ಉತ್ತರ ಅದು. ಕೇಳಿದಾಕೆಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಹಾಗೆಂದು ಮುಂದಿನ ಕೂಸಿಗೆ ಹಾಕಿಸದೇ ಇರುವುದೂ ಇಲ್ಲ. ಅರ್ಧ ಫಲವೆಂಬುದು ಕೇಳಲು ಸಪ್ಪೆ. ಲೆಕ್ಕ ಹಾಕಿದರೆ ಹಾಗಿಲ್ಲ. ಫಿನ್‌ಲೆಂಡಿನಲ್ಲಿ ಲಸಿಕೆ ಬರುವ ಮೊದಲೂ ರೋಟಾದಿಂದ ಸಾವು ಅಪರೂಪ. ಅಲ್ಲಿ ಶೇ. 90 ಫಲದಿಂದ ಉಳಿಯುವ ಜೀವಗಳು ಬೆರಳೆಣಿಕೆ. ಎಪ್ಪತ್ತೆಂಟು ಸಾವಿರ ಮಕ್ಕಳು ಸಾಯುತ್ತಿದ್ದ ದೇಶದಲ್ಲಿ ಅರ್ಧ ಫಲ ಎಂದರೆ ವರ್ಷಕ್ಕೆ ಮೂವತ್ತು–ನಲವತ್ತು ಸಾವಿರ ಮಕ್ಕಳು.

ಉಳಿದರ್ಧಕ್ಕೆ ಏನು? ಅದಕ್ಕೆ ಮದ್ದು ಲಸಿಕೆಗಿಂತ ಎಷ್ಟೋ ಮೊದಲೇ ಸಿಕ್ಕಿತ್ತು. ಭೇದಿ ಕಾಲರಾದ್ದೋ ರೋಟಾದ್ದೋ ಎಂದು ಆ ಮದ್ದು ಕೇಳುವುದೇ ಇಲ್ಲ. ಕರುಳಿನ ಕೋಶದ ಒಂದು ಬಾಗಿಲಲ್ಲಿ ಗ್ಲೂಕೋಸು ಮತ್ತು ಸೋಡಿಯಂ ಜೊತೆಯಾಗಿ ಒಳಬರುತ್ತವೆ, ಬೆನ್ನಿಗೇ ನೀರು ಬರುತ್ತದೆ. ಭೇದಿ ಎಷ್ಟೇ ಜೋರಿದ್ದರೂ ಈ ಬಾಗಿಲು ಮುಚ್ಚುವುದಿಲ್ಲ. ರೋಟಾ ತುದಿಗಳನ್ನು ತಿಂದಿದ್ದರೂ ಉಳಿದ ಮೈಯಲ್ಲಿ ಸಾಕಷ್ಟು ಬಾಗಿಲುಗಳಿರುತ್ತವೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಇದನ್ನು ಕಾಲರಾ ರೋಗಿಗಳಲ್ಲಿ ತೋರಿಸಿದ್ದರು. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸೀಸೆಗಳು ಮುಗಿದಾಗ ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಶೇ. 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದಿನ ಓಆರ್‌ಎಸ್ ಪೊಟ್ಟಣ ಆ ಬೆರಕೆಯ ತಿದ್ದಿದ ರೂಪ. ಲೀಟರಿಗೆ ಹದಿಮೂರೂವರೆ ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, ಮತ್ತೆರಡು ಲವಣ. ಜೊತೆಗೆ ಹದಿನಾಲ್ಕು ದಿನ ಜಿಂಕ್ ಮಾತ್ರೆ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ. ಮಹಾಲನಬಿಸ್ ತೀರಿಕೊಂಡದ್ದೂ ರೂತ್ ಬಿಷಪ್ ತೀರಿಕೊಂಡದ್ದೂ ಒಂದೇ ವರ್ಷ, 2022ರಲ್ಲಿ.

ನಮ್ಮ ಮನೆಗಳ ಹಳೆಯ ರೂಢಿ ಇದಕ್ಕೆ ತೀರ ದೂರವಿರಲಿಲ್ಲ. ಉಪ್ಪು ಹಾಕಿದ ಗಂಜಿ ತಿಳಿ, ತೆಳು ಮಜ್ಜಿಗೆ ಒಳ್ಳೆಯವೇ. ಅಕ್ಕಿಯ ಪಿಷ್ಟ ಒಡೆದು ಗ್ಲೂಕೋಸಾಗುತ್ತದೆ, ಮಜ್ಜಿಗೆಯಲ್ಲಿ ಹಾಲಿನ ಸಕ್ಕರೆ ಕಡಿಮೆ. ಕೊಡಸದ ತೊಗಟೆಯ ಕಷಾಯ ಆಮಶಂಕೆಯ ಅಮೀಬಾ ಮೇಲೆ ಕೆಲಸ ಮಾಡಿದ ಮದ್ದು, ರೋಟಾದ ಮುಂದೆ ಅದರ ಆಟ ನಡೆಯುವುದಿಲ್ಲ. ನಿಜವಾಗಿ ಕೇಡು ಮಾಡಿದ್ದು ಇನ್ನೊಂದು ರೂಢಿ: ಕುಡಿದಷ್ಟೂ ಹೋಗುತ್ತದೆ ಎಂದು ಮಗುವಿಗೆ ನೀರು, ಹಾಲು ನಿಲ್ಲಿಸುವುದು. ಅದರ ಬೆನ್ನಿಗೆ ಈಗ ಹೊಸದೂ ಸೇರಿದೆ. ಚುಚ್ಚುಮದ್ದು ಕೊಡದ, ಬಣ್ಣದ ಸಿರಪ್ಪು ಬರೆಯದ ಡಾಕ್ಟರು ಡಾಕ್ಟರೇ ಅಲ್ಲ ಎಂಬ ಭಾವನೆ. ವೈರಸ್ ಭೇದಿಗೆ ಆ್ಯಂಟಿಬಯೋಟಿಕ್ ಕೊಟ್ಟು ಪ್ರಯೋಜನವಿಲ್ಲ, ಅಷ್ಟೋ ಇಷ್ಟೋ ಚೆನ್ನಾಗಿದ್ದ ಕರುಳಿನ ಸೂಕ್ಷ್ಮಜೀವಿಗಳೂ ಅದರಿಂದ ಕೆಡುತ್ತವೆ. ಪೊಟ್ಟಣದ ಪುಡಿಯನ್ನು ಒಂದು ಲೀಟರಿಗೆ ಬೆರೆಸುವ ಬದಲು ಒಂದು ಲೋಟಕ್ಕೆ ಬೆರೆಸುವವರಿದ್ದಾರೆ. ಹಾಗೆ ಮಾಡಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಅಂಗಡಿಯ ಕಪಾಟಿನಲ್ಲಿ ಓಆರ್‌ಎಸ್ ಎಂದೇ ಬರೆದು ಮಾರುತ್ತಿದ್ದ ಸಿಹಿ ಪಾನೀಯಗಳ ಕಥೆ ಇನ್ನೂ ಕೆಟ್ಟದು. ಸಕ್ಕರೆ ಅತಿಯಾದರೆ ಕರುಳು ನೀರನ್ನು ಇನ್ನಷ್ಟು ಹೊರಬಿಡುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಎಂಟು ವರ್ಷ ಬಿಡದೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆ ಹೆಸರು ಬಳಸುವುದನ್ನು ನಿಷೇಧಿಸಿತು. ವೈರಸ್ಸಿನ ಹನ್ನೊಂದು ತುಂಡು ಓದಲು ತೋರಿದ ಶ್ರದ್ಧೆಯ ಸ್ವಲ್ಪ ಪಾಲು ಒಂದು ಪೊಟ್ಟಣದ ಮೇಲಿನ ಅಕ್ಷರಕ್ಕೂ ಸಿಗಬೇಕಿತ್ತು.

ಲಸಿಕೆಯ ಕಡೆ ಮುಂದಿನ ದಾರಿ ಕುತೂಹಲಕರವಾಗಿದೆ, ಅದು ಮತ್ತೆ ಹೆರಿಗೆ ವಾರ್ಡಿಗೆ ಹೋಗುತ್ತದೆ. ಮೆಲ್ಬರ್ನಿನ ನವಜಾತ ಶಿಶುಗಳಿಂದ ಬಿಷಪ್ ತಂಡ ಹಿಡಿದಿದ್ದ ಆರ್‌ವಿ3 ತಳಿಯಿಂದ ಮಾಡಿದ ಲಸಿಕೆಯನ್ನು ಇಂಡೊನೇಷ್ಯಾದಲ್ಲಿ ಹುಟ್ಟಿದ ಐದು ದಿನದೊಳಗೇ ಮೊದಲ ಹನಿಯಾಗಿ ಕೊಟ್ಟು ನೋಡಿದರು. 2018ರ ವರದಿಯಂತೆ ಒಂದು ವರ್ಷದವರೆಗೆ ಶೇ. 94, ಒಂದೂವರೆ ವರ್ಷದವರೆಗೆ ಶೇ. 75 ರಕ್ಷಣೆ. ಕರುಳು ಸವೆಯುವ ಮುಂಚೆ, ಅದರ ಸಕ್ಕರೆ ಸರಪಳಿಗಳು ಇನ್ನೂ ಎಳತಿರುವಾಗ, ಬೇರೆ ರೋಗಾಣುಗಳು ತಳವೂರುವ ಮೊದಲೇ ಲಸಿಕೆ ಹೊಕ್ಕರೆ ಫಲ ಹೆಚ್ಚು ಎಂಬುದಕ್ಕೆ ಇದು ಈವರೆಗಿನ ಒಳ್ಳೆಯ ಪುರಾವೆ. ನಮ್ಮದೇ 116ಇ ಕೂಡ ಹಸುಗೂಸಿನ ತಳಿ, ಆದರೆ ನಾವು ಅದನ್ನು ಕೊಡುವುದು ಆರನೆಯ ವಾರಕ್ಕೆ. ಹುಟ್ಟಿದ ದಿನವೇ ಕೊಡಬೇಕಾದ ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ ಸಾಲು ತಾಯಿ ಕಾರ್ಡಿನಲ್ಲಿ ಆಗಲೇ ಇದೆ. ನಮ್ಮ ಸೀಮೆಯ ಹೆರಿಗೆಗಳು ಈಗ ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತವೆ. ಆ ಸಾಲಿಗೆ ನಾಲ್ಕನೆಯ ಹೆಸರು ಸೇರಿಸಲು ಬೇಕಾದ ಪ್ರಯೋಗವನ್ನು ಭಾರತದ ಮಕ್ಕಳಲ್ಲಿ, ಭಾರತದ ತಳಿಯಿಂದ ಮಾಡಬೇಕು. ಬೆಂಗಳೂರಿನ ತಳಿಯನ್ನು ಎಂಟನೆಯ ವಾರಕ್ಕೆ ಪರೀಕ್ಷಿಸಿ ಕೈಬಿಟ್ಟರಲ್ಲ, ಎರಡನೆಯ ದಿನಕ್ಕೆ ಪರೀಕ್ಷಿಸಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನೂ ವೆಲ್ಲೂರಿನ ಎಚ್ಚರಿಕೆಯನ್ನು ಬದಿಗಿಡದೆ ಅದರ ಜೊತೆಗೇ ಕೇಳಬಹುದು.